ಹನುಮಂತಯ್ಯ ಮೇಷ್ಟ್ರ ದಾಕ್ಷಿಣ್ಯ

ಕಾರ್ಖಾನೆಯ ಚಿಮಣಿಯತ್ತ ಮುಖ ಮಾಡಿ, ಎದೆ ತುಂಬ ಉಸಿರೆಳೆದು ವಿಷಲ್ ಊದುವ ಮನುಷ್ಯನನ್ನು ನಾನು ನನ್ನ ಆಯುಷ್ಯದಲ್ಲಿ ಕಂಡದ್ದು ಒಬ್ಬರನ್ನೇ, ನಮ್ಮ ಬೀದಿಯ ಹನುಮಂತಯ್ಯ ಮೇಷ್ಟ್ರನ್ನು. ಕೆರೆಯಾಚೆಯ ತಗಡಿನ ಶೆಡ್ಡುಗಳ ಮೇಲೆ ಕಪ್ಪು ಸುರುಳಿ ಎದ್ದಿತೋ ಇಲ್ಲವೋ, ಮೇಷ್ಟ್ರು ತಾರಸಿಯ ಮೇಲೆ ಹಾಜರು. ಕೊರಳಿನ ವಿಷಲ್ ತುಟಿಗೇರಿ ಉದ್ದನೆಯದೊಂದು ಸೀಟಿ ಹೊರಡುತ್ತಿತ್ತು. ಅದರಿಂದ ಹೊಗೆ ನಿಲ್ಲುತ್ತದೆಂದು ನಂಬುವಷ್ಟು ಹುಚ್ಚರೇನೂ ಅವರಲ್ಲ. ತಪ್ಪು ನಡೆದಾಗ ಸೀಟಿ ಹಾಕುವುದು ರೆಫರಿಯ ಕರ್ತವ್ಯ, ಆಟಗಾರ ನಿಲ್ಲದಿದ್ದರೆ ಅದು ಬೇರೆ ವಿಷಯ ಎಂಬುದು ಅವರ ವಾದ. ಆ ಸೀಟಿ ಕೇಳಿದೊಡನೆ ಬೀದಿಯ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಳ್ಳಲು ಓಡುತ್ತಿದ್ದರು, ಅಷ್ಟರಮಟ್ಟಿಗೆ ಅದರಿಂದ ಉಪಯೋಗವಿತ್ತು.

ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ, ಒಂದಿಡೀ ತಲೆಮಾರನ್ನು ಬಿಸಿಲಲ್ಲಿ ನಿಲ್ಲಿಸಿ, ನಿವೃತ್ತಿಯ ಮೇಲೆ ಕೆಂಗೇರಿಯ ಕಡೆಗಿನ ನಮ್ಮ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು ಅವರು. ತರಕಾರಿ ಚೀಲ ಹಿಡಿದು ಹೊರಟರೂ ಅದು ಗಣರಾಜ್ಯೋತ್ಸವದ ಪಥಸಂಚಲನವೇ. ತಿರುವು ಬಂದರೆ ನಮ್ಮ ನಿಮ್ಮಂತೆ ಓರೆಯಾಗಿ ಹೊರಳುವುದಿಲ್ಲ; ನಿಂತು, ಹಿಮ್ಮಡಿಯ ಮೇಲೆ ತಿರುಗಿ, ನೇರ ಲಂಬಕೋನದಲ್ಲಿ ಹೊರಡುತ್ತಾರೆ, ಹಿಂದೆ ಆಟೋದವನು ಹಾರ್ನ್ ಹೊಡೆದುಕೊಂಡು ಸಾಯಲಿ. ಕಚೇರಿಗಳಿಗೆ ಹೋಗುವಾಗ ಏಪ್ರಿಲ್ ಬಿಸಿಲಲ್ಲೂ ನೀಲಿ ಕೋಟೊಂದು ಬೇಕೇ ಬೇಕು. ಯಾವುದೋ ಕ್ರೀಡಾಕೂಟದಲ್ಲಿ ದೊರೆತದ್ದು, ಮೊಣಕೈಗೆ ಹೆಂಡತಿ ಹಾಕಿದ ತೇಪೆ ಬಟ್ಟೆಗಿಂತ ಗಟ್ಟಿಯಾಗಿದೆ. ಎಂಥ ಗಂಭೀರ ಮಾತನ್ನಾದರೂ ಅವರು ಮುಗಿಸುತ್ತಿದ್ದುದು ಒಂದೇ ರೀತಿ: "ಅಷ್ಟೇ. ವಿಶ್ರಾಮ್." ಹಾಗೆಂದ ಮೇಲೆ ನಮ್ಮ ಕಾಲುಗಳು ತಾವಾಗಿಯೇ ಸಡಿಲವಾಗುತ್ತಿದ್ದವು.

ಹಳೆಯ ಟೈರುಗಳನ್ನು ಬೇಯಿಸಿ ಎಣ್ಣೆ ತೆಗೆಯುವ ಆ ಕಾರ್ಖಾನೆ ಬಂದ ಮೇಲೆ ನಮ್ಮ ಬಡಾವಣೆಯಲ್ಲಿ ಎಲ್ಲರ ಮೂಗಿಗೂ ಸುಟ್ಟ ರಬ್ಬರಿನ ವಾಸನೆ ಅಂಟಿಕೊಂಡಿತು, ಎಲ್ಲರ ಕಿಟಕಿಯಲ್ಲೂ ಮಸಿ ಕೂತಿತು. ಮೇಷ್ಟ್ರ ಮನೆಯಲ್ಲಿ ಅದು ನೇರವಾಗಿ ಅವರ ಹೆಂಡತಿ ಚಿಕ್ಕಗಂಗಮ್ಮನವರ ಎದೆಯಲ್ಲಿ ಹೋಗಿ ಕೂತಿತು. ಹಿಂದೆ ಆಕೆಯ ಗಂಟಲೆಂದರೆ ಗಂಟಲು. ಹೂವಿನವಳನ್ನು ಆಚೆ ಬೀದಿಯಿಂದ ಕೂಗಿ ಕರೆಯುತ್ತಿದ್ದ ಹೆಂಗಸು. ಈಗ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಊರಿ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರನ್ನು ಬೇಡಿ ತರುತ್ತಿದ್ದರು. ಗಾಳಿ ಬದಲಾಗದಿದ್ದರೆ ಔಷಧಿ ಏನೂ ಮಾಡಲಾರದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಾವಿರಾರು ಮಕ್ಕಳಿಗೆ ಉಸಿರಾಡುವುದನ್ನು ಹೇಳಿಕೊಟ್ಟ ಮನುಷ್ಯ ಆಕೆಯ ಬೆನ್ನು ನೀವುತ್ತ, "ನಿಧಾನ... ಒಳಗೆ ತಗೋ... ಬಿಡು" ಎನ್ನುವುದನ್ನು ಕೇಳಿದರೆ ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಹಾಗಾಗಿ ಹೋರಾಟ ಶುರುವಾಯಿತು, ಅದೂ ಮೇಷ್ಟ್ರ ಶೈಲಿಯಲ್ಲಿ. ಭಾನುವಾರ ಬೆಳಗ್ಗೆ ಕಾರ್ಖಾನೆಯ ಗೇಟಿನೆದುರು ಜನರನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸುತ್ತಿದ್ದರು. ಬ್ಯಾಂಕಿನ ಅಧಿಕಾರಿಗಳು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಹಾಲಿನ ಬೂತಿನವರು, ಎಲ್ಲರೂ ಒಂದೇ ಸಾಲು. "ಅಮ್ಮಾ, ನೀವು ಒಂದ್ ಕೈ ಅಂತರ ಬಿಡಿ. ಘೋಷಣೆ ಆಮೇಲೆ, ಮೊದಲು ಸಾಲು ನೆಟ್ಟಗಿರ್ಲಿ!" ಪೊಲೀಸರಿಗೆ ನಗು ತಡೆಯುತ್ತಿರಲಿಲ್ಲ, ಆದರೆ ಲಾಠಿ ಎತ್ತಲು ಕಾರಣವೂ ಸಿಗುತ್ತಿರಲಿಲ್ಲ. ಕಾರ್ಖಾನೆಯವರು ಕಳಿಸಿದ ಟೀಯನ್ನು ಮೇಷ್ಟ್ರು ಲೋಟ ಮುಟ್ಟದೆ ವಾಪಸು ಕಳಿಸಿದರು, ಗೂಂಡಾಗಳು ಬಂದು ಬೈದಾಗ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಪರವಾನಗಿ ಕೊಡುವ ಸರ್ಕಾರಿ ಅಧಿಕಾರಿಗಳೂ ಮಣಿದರು: ಡಿಸೆಂಬರಿನಲ್ಲಿ ಪರವಾನಗಿ ನವೀಕರಣಕ್ಕೆ ಮುಂಚೆ ಬಹಿರಂಗ ವಿಚಾರಣೆ ನಡೆಯುತ್ತದೆ, ಬಡಾವಣೆ ಒಟ್ಟಾಗಿ ಬೇಡವೆಂದರೆ ಕಾರ್ಖಾನೆಗೆ ಬೀಗ. ನಾವು ಗೆದ್ದೇಬಿಟ್ಟೆವೆಂದು ಬೀಗುತ್ತಿದ್ದೆವು.

ಆಗ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದ. ಹೆಸರು ಮಹದೇವ್. ಬಂದವನು ನೇರ ಮೇಷ್ಟ್ರ ಮನೆಗೇ ಬಂದು ಕಾಲಿಗೆ ಬಿದ್ದ. "ಸಾರ್, ಗೊತ್ತಾಗ್ಲಿಲ್ವಾ? ಖೊಖೊ ಟೀಮಲ್ಲಿದ್ದೆ, ನಿಮ್ಮ ಕೈಲಿ ಎಷ್ಟು ಏಟು ತಿಂದಿದೀನಿ!" ಅವನಲ್ಲಿ ನಾಟಕವಿರಲಿಲ್ಲ, ಅದೇ ದುರಂತ. ಅವನನ್ನು ಬಿಸಿಲಲ್ಲಿ ಓಡಿಸಿದವರು, ಹಸಿದಾಗ ತಮ್ಮ ಡಬ್ಬಿಯಿಂದ ಚಿತ್ರಾನ್ನ ಕೊಟ್ಟವರು ಇದೇ ಮೇಷ್ಟ್ರು. ಅದನ್ನು ಹೇಳುವಾಗ ಅವನ ಕಣ್ಣು ನಿಜವಾಗಿಯೂ ತುಂಬಿದವು. ಕಾರ್ಖಾನೆಯ ಮಾತೆತ್ತಿದಾಗ ಮಾತ್ರ ತಲೆ ತಗ್ಗಿಸಿ, "ನಾನು ಬಿಟ್ರೆ ಇನ್ನೊಬ್ಬ ಬರ್ತಾನೆ ಸಾರ್" ಎಂದ. ಮೇಷ್ಟ್ರು ಗದರಿಕೊಂಡರು, ಕಾಫಿ ಕೊಟ್ಟರು, ಹೋರಾಟ ನಿಲ್ಲುವುದಿಲ್ಲವೆಂದು ಹೇಳಿ ಕಳಿಸಿದರು.

ನವೆಂಬರ್ ಬಂತು, ರಾಜ್ಯೋತ್ಸವದ ಪೆಂಡಾಲ್ ಎದ್ದಿತು. ನಮ್ಮ ಸಂಘದ ಕಾರ್ಯದರ್ಶಿ ಪದ್ಮನಾಭ ಸನ್ಮಾನಪ್ರಿಯ. ವರ್ಷಕ್ಕೊಬ್ಬರಿಗೆ ಶಾಲು ಹೊದಿಸದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಆರ್ಕೆಸ್ಟ್ರಾ ನಡುವೆ ಮೈಕು ಹಿಡಿದು, "ಈಗ ಗುರುವಂದನೆ! ನಮ್ಮೆಲ್ಲರ ಮೇಷ್ಟ್ರು ವೇದಿಕೆಗೆ ಬರ್ಬೇಕು, ಅವರದೇ ಶಿಷ್ಯನ ಕೈಲಿ ಸನ್ಮಾನ!" ಎಂದು ಕೂಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಒಂದು ಕ್ಷಣ ಕುರ್ಚಿಯ ಕೈ ಹಿಡಿದು ಕೂತೇ ಇದ್ದುದನ್ನು ನಾನು ಪಕ್ಕದಿಂದ ಕಂಡೆ. ತಾಯಿ ಭುವನೇಶ್ವರಿಯ ಪಟದೆದುರು, ನೆರೆದ ಬಡಾವಣೆಯೆದುರು, ಹಾರ ಹಿಡಿದು ನಿಂತ ಶಿಷ್ಯನಿಗೆ ಒಲ್ಲೆ ಎನ್ನುವುದು ಹೇಗೆ? ಹೋದರು. ಮೈಸೂರು ಪೇಟ ತಲೆಗೇರಿತು, ಶಾಲು ಹೆಗಲಿಗೆ ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಮಹದೇವ್ ಉದ್ದಂಡ ಬಿದ್ದಾಗ ಮೇಷ್ಟ್ರ ಬಲಗೈ ತಾನಾಗಿ ಮೇಲೆದ್ದಿತು, "ಒಳ್ಳೇದಾಗ್ಲಿ ಕಣಪ್ಪ" ಎಂದಿತು ಬಾಯಿ. ಹಿಂದಿನ ಫ್ಲೆಕ್ಸಿನಲ್ಲಿ ಪ್ರಾಯೋಜಕರೆಂದು ಕಾರ್ಖಾನೆಯ ಹೆಸರು ಆಳೆತ್ತರ ಬರೆದಿತ್ತು.

ಊಟದ ಎಲೆ ಎತ್ತುವ ಮುಂಚೆ ಆ ಫೋಟೊ ಎಲ್ಲರ ಫೋನಿನಲ್ಲೂ ಬಂದಿತ್ತು. ಎದ್ದು ನಿಂತು ಚಪ್ಪಾಳೆ ತಟ್ಟಿದ್ದ ಕೈಗಳೇ ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವು. ಮೇಷ್ಟ್ರು ಒಳಗೊಳಗೇ ರಾಜಿಯಾಗಿದ್ದಾರಂತೆ, ಇನ್ನು ನಾವೇಕೆ ಭಾನುವಾರದ ನಿದ್ದೆ ಕೆಡಿಸಿಕೊಳ್ಳಬೇಕು ಎಂದರು. ಮೇಷ್ಟ್ರು ಮನೆ ಮನೆಗೆ ಹೋದರು. ಎಲ್ಲರೂ ಕೂರಿಸಿ, ಕಾಫಿ ಕೊಟ್ಟು, "ನಿಮ್ಮ ಮೇಲೆ ಗೌರವ ಇದೆ ಸಾರ್" ಎಂದು ಹೇಳಿ ಬಾಗಿಲವರೆಗೆ ಬಂದು ಕಳಿಸಿದರು. ವಿಚಾರಣೆಗೆ ಬರುತ್ತೇವೆಂದು ಮಾತ್ರ ಯಾರೂ ಹೇಳಲಿಲ್ಲ.

ವಿಚಾರಣೆಯ ದಿನ ನಾವು ಬೆರಳೆಣಿಕೆಯಷ್ಟು ಜನ. ಕಾರ್ಖಾನೆಯ ವಕೀಲರು ಅದೇ ಫೋಟೊ ಮೇಜಿನ ಮೇಲಿಟ್ಟರು. ಅಧಿಕಾರಿ ಕೆಟ್ಟ ಮನುಷ್ಯರಲ್ಲ, ಮರ್ಯಾದೆಯಿಂದಲೇ ಕೇಳಿದರು. "ಮೇಷ್ಟ್ರೇ, ಆಶೀರ್ವಾದ ಮಾಡಿರೋದು ನೀವೇ ತಾನೆ?"

"ಹೌದು ಸಾರ್, ನಾನೇ."

"ಮತ್ತೆ ಇವತ್ತು ಬೇಡ ಅಂತೀರಲ್ಲ?"

"ಹುಡುಗ ಚೆನ್ನಾಗಿರ್ಲಿ ಅಂದೆ ಸಾರ್. ಹೊಗೆ ಚೆನ್ನಾಗಿರ್ಲಿ ಅನ್ನಲಿಲ್ಲ."

ಯಾರೋ ನಕ್ಕರು. ಉಳಿದ ಬಡಾವಣೆ ಎಲ್ಲಿ ಎಂದು ಅಧಿಕಾರಿ ಕೇಳಿದಾಗ ಮೇಷ್ಟ್ರು ಬಾಗಿಲ ಕಡೆ ತಿರುಗಿ ನೋಡಿದರು. ಮಾತು ಮುಗಿಸುವ ತಮ್ಮ ಆ ಪದವನ್ನೂ ಅಂದು ಅವರು ಹೇಳಲಿಲ್ಲ. ಪರವಾನಗಿ ನವೀಕರಣವಾಯಿತು.

ಅಂದಿನಿಂದ ತಾರಸಿಯ ಮೇಲೆ ಸೀಟಿಯಿಲ್ಲ, ಬಟ್ಟೆಗಳ ಮೇಲೆ ಮಸಿ ಬೀಳುತ್ತದೆ. ಚಳಿ ಏರಿದಂತೆ ಚಿಕ್ಕಗಂಗಮ್ಮನವರ ಉಸಿರು ಇನ್ನಷ್ಟು ಕಿರಿದಾಯಿತು. ಒಂದು ಸಂಜೆ ನಾನು ಅಲ್ಲಿದ್ದಾಗಲೇ ಮಹದೇವ್ ಬಂದ, ಕೈಯಲ್ಲಿ ಔಷಧಿಯನ್ನು ಆವಿ ಮಾಡಿ ಎದೆಗೆ ಕಳಿಸುವ ಮೆಷೀನು. "ಅಮ್ಮಂಗೆ ಅಂತ ತಂದೆ ಸಾರ್. ಬೇಡ ಅನ್ಬೇಡಿ." ಮೇಷ್ಟ್ರ ಮುಖದಲ್ಲಿ ಏನೇನೋ ಹಾದುಹೋಯಿತು, ಎದ್ದು ಅದನ್ನು ಬೀದಿಗೆಸೆಯುತ್ತಾರೆಂದು ನಾನು ಕಾದೆ, ಎಸೆಯಲೆಂದು ಮನಸಾರೆ ಬಯಸಿದೆ. ಮಂಚದಿಂದ ಆಕೆ, "ಏನ್ರೀ... ಬೇಗ..." ಎಂದರು. ಮೇಷ್ಟ್ರು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು. ಗುರುಶಿಷ್ಯರಿಬ್ಬರೂ ಸೇರಿ ಆಕೆಯ ಮುಖಕ್ಕೆ ಮಾಸ್ಕ್ ಕಟ್ಟಿದರು. ಮಹದೇವನ ಅಂಗಿಯಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಹೊರಡುವಾಗ ಅವನು ಮತ್ತೆ ಬಾಗಿ ಕಾಲು ಮುಟ್ಟಿದ, ಮೇಷ್ಟ್ರು ಮತ್ತೆ ಕೈಯೆತ್ತಿದರು.

ಹನುಮಂತಯ್ಯನವರಂಥ ಜನ ನಮ್ಮ ಬಡಾವಣೆಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಲಾಠಿಗೆ, ಬೈಗುಳಕ್ಕೆ, ಆಮಿಷಕ್ಕೆ ಅವರು ಜಗ್ಗುವವರಲ್ಲ. ವೈರಿಯಾಗಿ ಬಂದವನೆದುರು ಎದೆಯೊಡ್ಡಿ ನಿಲ್ಲುವುದು ಅವರಿಗೆ ಚೆನ್ನಾಗಿ ಗೊತ್ತು. ಮಗನಂತೆ ಬಂದು ಕಾಲಿಗೆರಗಿದವನನ್ನು ಏನು ಮಾಡಬೇಕೆಂಬುದು ಮಾತ್ರ ಅವರಿಗೆ ತಿಳಿಯದು, ತಿಳಿದಿದ್ದರೆ ಅವರು ಅಂಥ ಮನುಷ್ಯರೇ ಆಗಿರುತ್ತಿರಲಿಲ್ಲ. ಒಂದು ಊರನ್ನು ಕಾಯಬಲ್ಲವರೂ ಅವರೇ, ಶಾಲು ಹೊದಿಸಿ ಊರಿಡೀ ಸೇರಿ ಸೋಲಿಸುವುದೂ ಅವರನ್ನೇ. ಹೊಗೆಗೆ ಈ ದಾಕ್ಷಿಣ್ಯವೆಲ್ಲ ಇಲ್ಲ. ಹರಸಿದವರ ಮನೆಯೆಂದು ಅದು ಹೊಸಿಲಾಚೆ ನಿಲ್ಲುವುದಿಲ್ಲ.