ಬಸವಲಿಂಗಮ್ಮನವರ ಎದೆಯ ಎರಡನೇ ಚುಕ್ಕೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? "ಬಸವಲಿಂಗಮ್ಮನವರ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ ಎದ್ದಾಗ..." ಎಂದು ಬರೆದು ಹೊಡೆದುಹಾಕಿದೆ. ಕಾಯಿಲೆಯಿಂದ ಶುರುವಾದ ಕಥೆ ಕಾಯಿಲೆಯದ್ದೇ ಆಗಿಬಿಡುತ್ತದೆ. ನನಗೆ ಬೇಕಿರುವುದು ಶಾಂತಿಗ್ರಾಮದ ಈ ಹೆಂಗಸು. (ಆಕೆಯನ್ನು ಕಂಡರೆ ನನಗೆ ಅಪಾರ ಮೆಚ್ಚುಗೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಪಕ್ಷಪಾತಿ ಅನ್ನಬೇಡಿ.)

೨

ಆದರೂ ಗೆಡ್ಡೆಯನ್ನು ದಾಟಿ ಹೋಗುವಂತಿಲ್ಲ. ಮಾಂಸಖಂಡದಲ್ಲಿ ಹುಟ್ಟುವ ಜಾತಿಯ ಕ್ಯಾನ್ಸರ್. ೨೦೦೩ರಲ್ಲಿ ಬೆಂಗಳೂರಿನಲ್ಲಿ ತೆಗೆದರು. ಮತ್ತೆ ತಲೆ ಎತ್ತಿದರೆ ಹೆಚ್ಚಾಗಿ ಶ್ವಾಸಕೋಶದಲ್ಲೇ, ಆಗಾಗ ಎದೆಯ ಫಿಲ್ಮ್ ತೆಗೆಸುತ್ತಿರಿ ಎಂದು ಕಳಿಸಿದರು.

ಮೊದಲ ಎಕ್ಸ್‌ರೇ ಚನ್ನರಾಯಪಟ್ಟಣದಲ್ಲಿ. ಕತ್ತಿನಲ್ಲಿರುವುದನ್ನೆಲ್ಲ ತೆಗೆಯಿರಿ ಎಂದರು. ಬಸವಲಿಂಗಮ್ಮ ಸರ ತೆಗೆದರು, ಇಷ್ಟಲಿಂಗ ತೆಗೆಯಲಿಲ್ಲ. ಉಸಿರಿರುವ ತನಕ ಮೈಮೇಲೇ ಇರಬೇಕಾದ್ದು. ಬಟ್ಟೆಯಲ್ಲಿ ಕಟ್ಟಿದ ಲಿಂಗವನ್ನು ಬೆನ್ನ ಕಡೆಗೆ ಸರಿಸಿ, ಗೌನಿನೊಳಗೆ ಮುಚ್ಚಿಕೊಂಡು ನಿಂತರು.

ಫಿಲ್ಮಿನಲ್ಲಿ ದುಂಡನೆಯ ಬಿಳಿ ಚುಕ್ಕೆ! ಗಂಡ ಷಡಕ್ಷರಿ, ಯಾವುದಕ್ಕೂ ಜಗ್ಗದ ಕೊಬ್ಬರಿ ವ್ಯಾಪಾರಿ, ಅಲ್ಲೇ ಬೆಂಚಿನ ಮೇಲೆ ಕುಸಿದರು.

"ಅಯ್, ಅಳಬ್ಯಾಡಿ. ಅದು ಲಿಂಗ ಕಣ್ರೀ!" ಎಂದು ಆಕೆ ಬೆನ್ನಿಂದ ಎಳೆದು ತೋರಿಸಿದರು. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

(ಇಲ್ಲಿಗೇ ಮುಗಿಸಿದ್ದರೆ ಚೆಂದದ ಹಾಸ್ಯಕಥೆ. ಒಂದು ಡ್ರಾಫ್ಟ್ ಇಲ್ಲಿಗೇ ಮುಗಿದಿತ್ತು ಕೂಡ.)

ಇನ್ನೊಂದು ೨

ಮುಂದಿನ ವರ್ಷ ಹಾಸನದಲ್ಲಿ ಸಿ.ಟಿ. ಸ್ಕ್ಯಾನ್. ಡಾ. ತಿರುನಾರಾಯಣ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಒಂದು ಚುಕ್ಕೆ, ಮೆಣಸಿನಕಾಳಿನಷ್ಟು.

"ಅದು ಲಿಂಗ ಸಾ!" ಷಡಕ್ಷರಿ ಗಟ್ಟಿಯಾಗಿ ನಕ್ಕರು. "ಇವ್ಳು ತೆಗೆಯಾಕಿಲ್ಲ ಸಾ, ಇಂದ್ಕೆ ಆಕ್ಕಂಡಿರ್ತಾಳೆ."

ಬಸವಲಿಂಗಮ್ಮ ನಗಲಿಲ್ಲ.

"ಅಲ್ಲ ಕಣ್ರೀ. ಈ ಸಲ ಎರಡು ಕೈನೂವೆ ತಲೆ ಮ್ಯಾಕ್ಕೆ ಎತ್ತಿಸಿದ್ರು. ಲಿಂಗ ಅಂಗೈಲಿತ್ತು."

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಆಕೆ ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದಿದ್ದರೆ ಗಂಡನ ನಗು ಇನ್ನೊಂದು ಗಳಿಗೆ ಉಳಿಯುತ್ತಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ.

"ಇಷ್ಟು ಸಣ್ಣದು ಏನು ಅಂತ ಈಗಲೇ ಹೇಳಕ್ಕಾಗಲ್ಲಮ್ಮ," ಎಂದರು ಡಾಕ್ಟರು. "ಹಳೇ ಸೋಂಕಿನ ಕಲೆ ಇರಬಹುದು, ಕ್ಯಾನ್ಸರೂ ಇರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ. ಬೆಳೆದಿದ್ರೆ ಆಪರೇಷನ್."

೪

(ಮೂರನೇ ಭಾಗವನ್ನು ಹರಿದೆ. ಅದರಲ್ಲಿ ಆಕೆಯನ್ನು ಮೂರು ತಿಂಗಳೂ ಅಳುತ್ತ ಕೂರಿಸಿದ್ದೆ.)

"ನನ್ನ ಅಳ್ಸಾಕೆ ನೀನ್ಯಾರಪ್ಪಾ?" ಬಸವಲಿಂಗಮ್ಮ ಹಾಳೆಯ ಮೇಲೇ ತರಾಟೆಗೆ ತೆಗೆದುಕೊಂಡರು. "ಹಸ ಕರಿಯೋರ್ಯಾರು? ಡೈರಿಗೆ ಆಲು ಆಕೋರ್ಯಾರು?"

"ಹೆದರಿಕೆ ಆಗಲಿಲ್ವೇನಮ್ಮ?"

"ಆಗ್ದೆ ಏನು? ಒಂದು ಕೆಮ್ಮು ಬಂದ್ರೆ ಜೀವ ಬಾಯಿಗೆ ಬರಾದು. ಅಂಗಂತ ಹಸ ಕಾಯ್ತದಾ?"

ಮನೆಗೆ ಬಂದವರಿಗೆಲ್ಲ ಆಕೆ ಆ ಹಳೇ ಎಕ್ಸ್‌ರೇ ಕಥೆ ಹೇಳುತ್ತಿದ್ದರು, ಬೆಂಚಿನ ಮೇಲೆ ಕುಸಿದ ಗಂಡನನ್ನು ನಟಿಸಿ ತೋರಿಸುತ್ತ. ಷಡಕ್ಷರಿ ನಗಲಿ ಎಂದು. ಒಂದೆರಡು ಸಲ ಅವರು ನಕ್ಕರು ಕೂಡ. ಇದನ್ನು ಕಲ್ಪಿಸಿಕೊಂಡು ಬರೆಯುತ್ತಿರುವವನು ನಾನೇ, ಆದರೂ ಅವರು ನಕ್ಕ ಸಾಲನ್ನು ಮತ್ತೆ ಮತ್ತೆ ಓದಿಕೊಂಡೆ.

೫

ಮುಕ್ತಾಯ ಎರಡಿವೆ. ಒಂದರಲ್ಲಿ ಚುಕ್ಕೆ ಹಾಗೇ ಇದೆ, ಷಡಕ್ಷರಿ ಆಸ್ಪತ್ರೆಗೆಲ್ಲ ಮೈಸೂರು ಪಾಕ್ ಹಂಚುತ್ತಾರೆ. ಇನ್ನೊಂದರಲ್ಲಿ ಚುಕ್ಕೆ ಬೆಳೆದಿದೆ. ಎರಡನ್ನೂ ಆಕೆಯ ಮುಂದಿಟ್ಟೆ.

"ಎರಡ್ನೂ ಎತ್ತಿಡು. ನಂಗೇ ಗೊತ್ತಿಲ್ದಿದ್ದು ನಿಂಗೆಂಗೆ ಗೊತ್ತಾತದೆ?"

೬

ಸರಿ. ಹಾಸನ, ಎರಡನೇ ಸ್ಕ್ಯಾನ್. ಕೈಗಳು ತಲೆಯ ಮೇಲೆ, ಎಡ ಅಂಗೈಯಲ್ಲಿ ಲಿಂಗ. ಕಾಡಿ ಬೇಡಿ ಗಾಜಿನಾಚೆ ನಿಂತ ಷಡಕ್ಷರಿ ಆ ಕೈಯನ್ನೇ ನೋಡುತ್ತಿದ್ದಾರೆ.

"ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ," ಎಂದಿತು ಸ್ಪೀಕರು.

ಇಲ್ಲೇ ನಿಲ್ಲಿಸುತ್ತೇನೆ. ಈ ಉಸಿರು ಹೊರಗೆ ಬರದಿದ್ದರೆ ಫಿಲ್ಮೂ ಬರುವುದಿಲ್ಲ, ಆಕೆಗೆ ಏನೂ ಆಗುವುದಿಲ್ಲ. ಕಥೆಗಾರನಿಗೆ ಅಷ್ಟೂ ಅಧಿಕಾರವಿಲ್ಲವೇ?

"ಉಸ್ರು ಬುಡು ಅನ್ನು ಕಣಪ್ಪಾ. ನಿನ್ ಹೆದರಿಕೆಗೆ ನಾನೆಷ್ಟೊತ್ತು ಇಂಗೇ ಇಡ್ಕಂಡಿರ್ಲಿ?"

(ಉಸಿರು ಹಿಡಿದುಕೊಂಡೇ ಹೇಗೆ ಮಾತಾಡಿದರು ಎಂದು ಕೇಳಬೇಡಿ.)

"ಬಿಡಿ," ಎಂದೆ.

ಬಸವಲಿಂಗಮ್ಮ ಉಸಿರು ಬಿಟ್ಟು, ಇನ್ನೊಂದು ಎಳೆದುಕೊಂಡರು.