ಬ್ಲೋಲೋದಿಂದ ಬಂದ ಸವತಿ

ನನ್ನ ಗಂಡ ಲೂಕು ಮೊದಲು ಹೇಗಿದ್ದ ಎಂದು ಸಕಾಸುವಿನ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚಪ್ಪಲಿ ಸಿಗದಿದ್ದರೆ ನನ್ನ ಮೇಲೆ ಕೂಗಾಡುತ್ತಿದ್ದ, ಸಿಕ್ಕರೆ ಕೋಳಿಗಳ ಮೇಲೆ ಹರಿಹಾಯುತ್ತಿದ್ದ. ಕೊನೆಗೆ ಕಣಿ ಹೇಳುವ ಮುದುಕಿ ಅಸಲು ಕಾರಣ ಹೇಳಿದಳು. ಹುಟ್ಟುವ ಮುಂಚೆ ನಾವೆಲ್ಲ ಇದ್ದ ಲೋಕ ಬ್ಲೋಲೋ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಇರುತ್ತದೆ. ಲೂಕು ತನ್ನ ಅಲ್ಲಿನ ಹೆಂಡತಿಯನ್ನು ಮರೆತಿದ್ದಾನೆ, ಅವಳಿಗೆ ಸಿಟ್ಟು ಬಂದಿದೆ. ಮರದಲ್ಲಿ ಅವಳ ರೂಪ ಕೆತ್ತಿಸಿ ಮನೆಯಲ್ಲಿಡಬೇಕು, ಶುಕ್ರವಾರದ ರಾತ್ರಿಯನ್ನು ಅವಳ ಪಾಲಿಗೆ ಬಿಡಬೇಕು.

ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಅದರಲ್ಲೂ ಅಲಾಂಗ್ಬಾ ಅಜ್ಜ ಕೆತ್ತಿ ಕೊಟ್ಟವಳು ನೀಳ ಕತ್ತಿನ, ತುಂಬಿದ ಮೀನಖಂಡದ, ಮೂರು ಜಡೆಯ ಚೆಲುವೆ. ಆದರೆ ಅವಳು ಬಂದ ದಿನದಿಂದ ಲೂಕು ಮೆತ್ತಗಾದ. ಹೊಲದಿಂದ ಹಾಡುತ್ತಾ ಬರತೊಡಗಿದ. ಅವಳಿಗೆ ಎಣ್ಣೆ ಹಚ್ಚಿ ಮಿನುಗಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಒಂದು ಬೆಳಿಗ್ಗೆ ಒಳಕೋಣೆ ಗುಡಿಸಲೆಂದು ಅವಳನ್ನು ಅಂಗಳದಲ್ಲಿ ನಿಲ್ಲಿಸಿದ್ದೆ. ಗುದ್ದಲಿ ವಾಪಸು ಕೊಡಲು ಬಂದ ಆಚೆ ಕೇರಿಯ ಯೊಬುವೆ ಅವಳನ್ನು ನೋಡಿದವನೇ ಗುದ್ದಲಿ ಕೈಬಿಟ್ಟ.

"ಇವಳು ನನ್ನ ಹೆಂಡ್ತಿ!"

ಲೂಕು ಹೊರಗೆ ಬಂದ. "ಏನೋ, ಬೆಳಿಗ್ಗೆಬೆಳಿಗ್ಗೇನೇ ಕುಡಿದಿದೀಯಾ?"

"ನನ್ನ ಬ್ಲೋಲೋ ಹೆಂಡ್ತೀನ ಕನಸಲ್ಲಿ ನೋಡಿದೀನಿ ಕಣೋ! ಮೂರು ಜಡೆ, ಕೆನ್ನೆ ಮೇಲೆ ಗೀರು. ಅಜ್ಜ ನಂಗೆ ಕೊಟ್ಟಿದ್ದು ಎರಡು ಜಡೆಯವಳನ್ನ. ಕೇಳಿದ್ರೆ ಮೂರನೇ ಜಡೆಗೆ ಮರ ಒಪ್ಪಲಿಲ್ಲ ಅಂದ್ಬಿಟ್ಟ. ನಿನ್ನವಳಲ್ಲ ಅಂತ ನಿಂಗಾದ್ರೂ ಗೊತ್ತಾಗ್ಲಿಲ್ವಾ?"

"ನನ್ನ ಕನಸಲ್ಲಿ ಅವಳು ಮುಖಾನೇ ತೋರಿಸ್ಲಿಲ್ಲ. ಸಿಟ್ಟಲ್ಲಿದ್ಲಲ್ಲ."

ಸಂಜೆಗೆ ಹಿರಿಯರ ಮುಂದೆ ಪಂಚಾಯಿತಿ ಕೂತಿತು.

"ಇಷ್ಟು ಶುಕ್ರವಾರ ನನ್ನ ಹೆಂಡ್ತಿ ಜೊತೆ ಮಲಗಿದಾನೆ," ಎಂದು ಯೊಬುವೆ ಎದೆ ಬಡಿದುಕೊಂಡ. "ಹಾದರಕ್ಕೆ ದಂಡ ಕುರಿ. ಕೊಡ್ಲಿ!"

"ನೀನೇನು ನನ್ನವಳನ್ನ ತಂಗಿ ಥರ ನೋಡ್ಕೊಂಡ್ಯಾ?" ಲೂಕು ಕೇಳಿದ. "ನೀನೂ ಕೊಡು ಕುರಿ!"

"ನಿನ್ನವಳಾ? ಅವಳು ಬಂದಾಗ್ಲಿಂದ ಶುಕ್ರವಾರ ಕಣ್ಣು ಮುಚ್ಚಿಲ್ಲಪ್ಪ ನಾನು. ಎದ್ರೆ ಸೊಂಟ ನೋವು."

ಅಲಾಂಗ್ಬಾ ಅಜ್ಜ ತಲೆ ಕೆರೆದುಕೊಂಡ. "ಇಬ್ಬರಿಗೂ ಬಿಳಿ ಬಟ್ಟೆ ಸುತ್ತಿಟ್ಟಿದ್ದೆ. ಮುಸುಕು ಹಾಕಿದ್ಮೇಲೆ ಹೆಂಗಸರೆಲ್ಲ ಒಂದೇ ಥರ ಕಾಣ್ತಾರೆ ಕಣ್ರಪ್ಪಾ."

ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರಿಗೆ ಕುರಿ ವಜಾ, ಹೆಂಗಸರು ಅವರವರ ಮನೆಗೆ ಎಂದು ತೀರ್ಪಾಯಿತು. ನನಗೆ ಮಾತ್ರ ನಗು ಬರಲಿಲ್ಲ.

"ನಾನು ಕಳಿಸಲ್ಲ," ಎಂದೆ. "ಇವಳು ಬಂದ್ಮೇಲೇನೇ ನಮ್ಮನೇಲಿ ನೆಮ್ಮದಿ ಕಂಡಿದ್ದು."

"ಅಮ್ಲಾನ್, ಊರಲ್ಲಿ ಗಂಡಸರು ಪರರ ಹೆಂಡ್ತೀನ ಇಟ್ಕೊಳ್ಳೋದು ಕೇಳಿದ್ವಿ," ಎಂದ ಒಬ್ಬ ಹಿರಿಯ. "ನೀನು ಹೊಸ ಪದ್ಧತಿ ತರ್ತೀಯೇನವ್ವಾ?"

ಮತ್ತೆ ನಗು. ಎರಡು ಜಡೆಯವಳನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ಬಂದೆ. ಮೊದಲೇ ಸಿಟ್ಟಾಗಿದ್ದವಳು, ಈಗ ಇಷ್ಟು ದಿನ ಬೇರೆಯವನ ಮನೆಯಲ್ಲಿದ್ದು ಬಂದಿದ್ದಾಳೆ. ಹಳೆಯ ಲೂಕು ನಾಳೆಯೇ ಮರಳಿ ಬರುತ್ತಾನೆ ಅನ್ನಿಸಿತು. ನನಗೆ ಆ ಲೂಕು ಬೇಡವಾಗಿತ್ತು.

ಮರುದಿನ ಅವನು ಹೊಲಕ್ಕೆ ಹೋದ ಮೇಲೆ ಹೆಗ್ಗೆಣಸು ಬೇಯಿಸಿ, ತಾಳೆ ಎಣ್ಣೆಯಲ್ಲಿ ಕಲಸಿ, ಮೇಲೊಂದು ಮೊಟ್ಟೆಯಿಟ್ಟು ಅವಳ ಮುಂದೆ ಕೂತೆ.

"ಅಕ್ಕಾ, ಯಾರ್ದೋ ಮನೇಲಿ ಕಾಲ ಹಾಕಿದ್ಯಲ್ಲ, ಪಾಪ. ಇವ್ನಿಗೆ ಅನುಮಾನ ಕೂಡ ಬರ್ಲಿಲ್ಲ ನೋಡು. ಬ್ಲೋಲೋದಲ್ಲೂ ಹಿಂಗೇನಾ ಇವ್ನು? ಮಾತುಮಾತಿಗೂ ಕೂಗಾಡ್ತಿದ್ನಾ?"

ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. ಶುರು ಮಾಡಿದೆ ನೋಡಿ. ಮದುವೆಯ ದಿನ ಅವನು ನನ್ನ ಚಿಕ್ಕಮ್ಮನ ಪಕ್ಕ ಹೋಗಿ ನಿಂತದ್ದು, ಓತಿಕೇತ ಕಂಡು ಹಾಸಿಗೆ ಹತ್ತಿದ್ದು, ಒಂದನ್ನೂ ಬಿಡಲಿಲ್ಲ. ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಮನಸ್ಸು ಹಗುರಾಯಿತು.

ತಿರುಗಿದರೆ ಬಾಗಿಲಲ್ಲಿ ಲೂಕು. ಮುಖ ಸಪ್ಪಗಾಗಿತ್ತು.

"ಅವಳಿಗೆ ಎಲ್ಲಾ ಹೇಳ್ಬಿಟ್ಯಾ?"

"ಅವಳೂ ಹೇಳಿದ್ಲು," ಎಂದೆ.

ಅವನು ಊಟಕ್ಕೆ ಕೂತ. ಹರಟೆಯ ಭರದಲ್ಲಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಮೊದಲ ತುತ್ತಿಗೇ ಅವನ ಹುಬ್ಬು ಮೇಲೇರಿತು, ಬಾಯಿ ತೆರೆಯಿತು. ಮೆಲ್ಲಗೆ ಒಳಕೋಣೆಯ ಕಡೆ ನೋಡಿದ.

"ಚೆನ್ನಾಗಿದೆ," ಎಂದ, ಒಳಗಿನವಳಿಗೂ ಕೇಳುವಷ್ಟು ಜೋರಾಗಿ.