ಹುಟ್ಟಿದ ದಿನದ ಸೂಜಿ

ಗೊರೇಬಾಳದ ಮಾಸುಂಬಿಯ ಮಗಳು ನಾಹಿದಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಗಾಳೆಮ್ಮ ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದಳು.

"ಅಕ್ಕಾ, ನಾಹಿದಾಗ ಹೆಪಟೈಟಿಸ್ ಬಿ ಐತಿ. ಕಾಮಾಲಿಯೊಳಗ ಅದೊಂದು ಜಾತಿ."

ಅಕ್ಕಿ ಹಸನು ಮಾಡುತ್ತಿದ್ದ ಮಾಸುಂಬಿ ಮೊರ ಕೆಳಗಿಟ್ಟಳು.

"ಏನ್ ಮಾತಾಡ್ತೀಯವ್ವಾ? ಕಣ್ಣು ಹಳದಿ ಆಗಿಲ್ಲ, ಜ್ವರ ಬಂದಿಲ್ಲ. ಇವಳಿಗ್ಯಾವ ಕಾಮಾಲಿ?"

"ಇದು ಭಾಳ ಮಂದಿಗೆ ಹೊರಗ ಕಾಣಂಗಿಲ್ಲಕ್ಕಾ. ಈ ವೈರಸ್ಸು ರಕ್ತದಾಗ ಬಂದು ಲಿವರಿನ ಜೀವಕೋಶಕ್ಕ ಅಂಟಿಕೊಳ್ತೈತಿ. ಕೋಶ ತನಗ ಬೇಕಾದ್ದು ಒಳಗ ತಗೊಳ್ಳೋ ಬಾಗಿಲ ಐತಲ್ಲ, ಅದರಾಗ ನುಗ್ಗತೈತಿ. ಹೊದಿಕಿ ಕಳಚಿ, ನಡುವಿನ ನ್ಯೂಕ್ಲಿಯಸ್ಸಿಗೆ ಹೋಗಿ ಕುಂದರತೈತಿ. ಕೋಶಕ್ಕ ಹುಕುಂ ಹೋಗೋದ ಅಲ್ಲಿಂದ. ಅಲ್ಲಿ ಕುಂತು ತನ್ನಂಥವನ್ನ ಸಾವಿರಗಟ್ಟಲೆ ಮಾಡಿಸ್ತೈತಿ. ಗುಳಿಗಿ ಅದನ್ನ ಒತ್ತಿ ಹಿಡೀತಾವ, ಪೂರ್ತಿ ಕಿತ್ತು ಹಾಕೋದು ಭಾಳ ಕಷ್ಟ."

ನಾಹಿದಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಕೂಸಿಗೂ ಬರ್ತೈತೇನ್ರೀ?"

"ಹೆರಿಗ್ಯಾಗ ಬರಬಹುದವ್ವಾ. ಹುಟ್ಟಿದ ಇಪ್ಪತ್ನಾಲ್ಕು ತಾಸಿನೊಳಗ ಲಸಿಕಿ ಸೂಜಿ ಹಾಕಿಸಿದ್ರ, ಒಳಗ ಹೊಕ್ಕು ಕುಂದರೂದಕ್ಕ ಮೊದಲ ತಡೀಬಹುದು."

"ಆವಾಗಷ್ಟ ಹುಟ್ಟಿದ ಕೂಸಿಗೆ ಸೂಜಿನಾ? ನಾ ಒಪ್ಪಂಗಿಲ್ಲ," ಎಂದಳು ಮಾಸುಂಬಿ. "ಇದು ನಮ್ಮ ಮನಿ ರೋಗ ಅಲ್ಲ. ಅಳಿಯನ ಕಡಿಂದ ಬಂದೈತಿ, ಬರಕೋ ಬೇಕಾದ್ರ."

ಮನೆಯವರೆಲ್ಲರ ರಕ್ತ ಪರೀಕ್ಷೆಯಾಯಿತು. ವಾರದ ಮೇಲೆ ಗಾಳೆಮ್ಮ ಮಾಸುಂಬಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ನಿನ್ನ ಅಳಿಯ ಮುಕ್ತಿಯಾರ್‌ಗ ಏನೂ ಇಲ್ಲಕ್ಕಾ. ಇರೋದು ನಿನಗ."

ಮಾಸುಂಬಿ ತನ್ನ ಕೈಕಾಲು ನೋಡಿಕೊಂಡಳು. ಹರೆಯದಿಂದಲೂ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದ ಮೈ ಅದು. ರೋಗವೆಂದು ಹಾಸಿಗೆ ಹಿಡಿದಿದ್ದಿಲ್ಲ. ಅಷ್ಟು ವರ್ಷ ಅದು ಸದ್ದಿಲ್ಲದೆ ಒಳಗೇ ಕುಳಿತಿತ್ತೇ?

"ಹಂಗಾದ್ರ... ನಾಹಿದಾಗ ನಾನ ಕೊಟ್ಟೀನೇನು?"

ಗಾಳೆಮ್ಮ ಸುಳ್ಳು ಹೇಳಲಿಲ್ಲ. "ಹೆರಿಗ್ಯಾಗ ಹೋಗಿರಬಹುದಕ್ಕಾ. ಆವಾಗ ನಮ್ಮೂರ ಕೂಸುಗಳಿಗೆ ಈ ಸೂಜಿ ಇರಲಿಲ್ಲ. ನಿನಗೂ ಗೊತ್ತಿರಲಿಲ್ಲ. ನಿನ್ನ ತಪ್ಪಲ್ಲ."

ಮಾಸುಂಬಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಗಳನ್ನೇ ನೋಡುತ್ತಿದ್ದಳು. ಕೊನೆಗೆ, "ಈಗ ನನಗ ಗೊತ್ತಾತಲ್ಲ," ಎಂದಳು.

ಸಿಂಧನೂರಿನ ಆಸ್ಪತ್ರೆಯಲ್ಲಿ ಬೆಳಗ್ಗೆ ಹೆಣ್ಣು ಮಗು ಹುಟ್ಟಿತು. ನರ್ಸ್ ಮಗುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತುವಷ್ಟರಲ್ಲೇ ಮಾಸುಂಬಿ ಕೇಳಿದಳು:

"ಸಿಸ್ಟರ್, ನಮ್ಮ ಕೂಸಿನ ಸೂಜಿ ಎಲ್ಲೈತ್ರೀ?"

ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್. ಮಗು ಚೀರಿ ಅತ್ತಿತು. ಮಾಸುಂಬಿಯೂ ಅತ್ತಳು. ಆದರೆ ಸೂಜಿಗೆಂದು ಹಿಡಿದಿದ್ದ ಮಗುವಿನ ಕಾಲು ಬಿಡಲಿಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗೂ ಅವಳೇ ಎತ್ತಿಕೊಂಡು ಹೋದಳು. ವರ್ಷ ತುಂಬಿದಾಗ ಮಗುವಿನ ರಕ್ತ ಪರೀಕ್ಷೆಯಾಯಿತು. ವೈರಸ್ ಇರಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಜೊತೆಗೆ ಉಂಡರೆ, ಅಪ್ಪಿಕೊಂಡರೆ ಈ ರೋಗ ಬರುವುದಿಲ್ಲ; ಯಾರನ್ನೂ ದೂರ ಇಡಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಮೊದಲ ತಿಂಗಳುಗಳಲ್ಲೇ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ. ರೋಗ ಇರಲಿ, ಇಲ್ಲದಿರಲಿ, ಹುಟ್ಟಿದ ದಿನವೇ ಮಗುವಿಗೆ ಲಸಿಕೆ ಹಾಕಿಸಿ. ಮಾಸುಂಬಿಗೆ ತನ್ನ ಮಗಳ ಕಾಲದಲ್ಲಿ ಸಿಗದ ಆ ಒಂದು ದಿನ ಇಂದು ನಿಮ್ಮ ಕೈಯಲ್ಲಿದೆ.